ದಿನ ತುಂಬದೆ ಹುಟ್ಟಿದ ಕೂಸಿನ ಕಣ್ಣು

ಹೆರಿಗೆಗೆಂದು ತವರಿಗೆ ಬಂದ ಮಗಳು ಏಳೆಂಟು ತಿಂಗಳಿಗೇ ಹೆತ್ತರೆ, ಮನೆಯವರೆಲ್ಲರ ಚಿಂತೆಯೂ ಕೂಸಿನ ಪ್ರಾಣದ ಮೇಲಿರುವುದು ಸಹಜವಷ್ಟೆ. ಕೂಸು ಬದುಕಿ ಹಾಲು ಕುಡಿಯತೊಡಗಿತೆಂದರೆ, ಗಂಡಾಂತರ ಕಳೆಯಿತೆಂದು ಸಮಾಧಾನಪಡುತ್ತೇವೆ. ಆದರೆ ಅಂಥ ಕೂಸಿಗೆ ಇನ್ನೊಂದು ಗಂಡಾಂತರವುಂಟು, ಅದು ಕಣ್ಣಿನದು. ಅದನ್ನು ಕುರಿತು ಈ ತಿಂಗಳು ನಾಲ್ಕು ಮಾತು ಬರೆಯಬೇಕೆಂದಿರುವೆವು.

ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ತೆಳುವಾದ ಪದರವೊಂದಿದೆ, ಅದನ್ನು ಅಕ್ಷಿಪಟಲವೆನ್ನುವರು. ಅದರ ರಕ್ತನಾಳಗಳು ಗರ್ಭದ ನಾಲ್ಕನೆಯ ತಿಂಗಳಲ್ಲಿ ಬೆಳೆಯತೊಡಗಿ, ದಿನ ತುಂಬುವ ಹೊತ್ತಿಗೆ ಅಂಚನ್ನು ಮುಟ್ಟುತ್ತವೆ. ಕೂಸು ಮೊದಲೇ ಹುಟ್ಟಿದರೆ ಈ ಕೆಲಸ ಅರ್ಧದಲ್ಲಿ ನಿಲ್ಲುವುದು. ಬಳಿಕ ನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು, ಪಟಲವನ್ನು ಎಳೆದು ಕಿತ್ತುಬಿಡುವುದುಂಟು. ಹಾಗೆ ಹೋದ ದೃಷ್ಟಿ ಮರಳುವುದು ದುರ್ಲಭ.

ಈ ರೋಗವನ್ನು 1942ರಲ್ಲಿ ಅಮೆರಿಕದ ಬಾಸ್ಟನ್ನಿನ ಡಾಕ್ಟರ್ ಟೆರಿಯವರು ಮೊದಲು ವರ್ಣಿಸಿದರು. ಕೂಸುಗಳಿಗೆ ಮಿತಿಯಿಲ್ಲದೆ ಕೊಡುತ್ತಿದ್ದ ಪ್ರಾಣವಾಯುವೇ ಇದಕ್ಕೆ ಕಾರಣವಿರಬಹುದೆಂದು 1951ರಲ್ಲಿ ಮೆಲ್ಬರ್ನಿನ ಕೇಟ್ ಕ್ಯಾಂಬೆಲ್ ಎಂಬ ವೈದ್ಯೆ ತೋರಿಸಿದರು. ಆದರೆ ಪ್ರಾಣವಾಯುವನ್ನು ತೀರ ಕಡಮೆ ಮಾಡಿದಾಗ ಕೂಸುಗಳ ಪ್ರಾಣಕ್ಕೇ ಕುತ್ತು ಬಂದಿತು. ಆದುದರಿಂದ ಇಂದು ಅದನ್ನು ಔಷಧದಂತೆ ಅಳೆದು ಕೊಡತಕ್ಕದ್ದೆಂಬುದೇ ವೈದ್ಯರ ಮತ.

ಯಾವ ಕೂಸುಗಳಿಗೆ ಭಯ ಹೆಚ್ಚು? ತಿಂಗಳೂ ತೂಕವೂ ಕಡಮೆಯಾದಷ್ಟು ಭಯ ಹೆಚ್ಚು. ಉಸಿರಾಟದ ತೊಂದರೆ, ರಕ್ತಕ್ಕೆ ತಗುಲಿದ ನಂಜು, ಹೊರಗಿನ ರಕ್ತವನ್ನು ಕೊಡಬೇಕಾಗಿ ಬಂದದ್ದು, ಹುಟ್ಟಿದ ಮೇಲೆ ತೂಕ ಸರಿಯಾಗಿ ಏರದಿರುವುದು, ಇವೂ ಅಪಾಯವನ್ನು ಹೆಚ್ಚಿಸುವುವು. ಕೈ ತೊಳೆಯದೆ ಕೂಸನ್ನು ಮುಟ್ಟದಿರುವುದು, ತಾಯಿಯ ಹಾಲನ್ನೇ ಉಣಿಸುವುದು, ಇವು ಮನೆಯವರು ಮಾಡಬಹುದಾದ ರಕ್ಷಣೆ.

ಈ ರೋಗ ಹೊರಗೆ ಕಾಣುವುದಿಲ್ಲ. ಕಣ್ಣು ಹೊಳೆಯುತ್ತಲೇ ಇರುವುದು, ತಾಯಿಗೂ ತಿಳಿಯದು. ಆದುದರಿಂದ 34 ವಾರಗಳಿಗೆ ಮುಂಚೆ ಹುಟ್ಟಿದ ಅಥವಾ 2 ಕಿಲೋಗ್ರಾಮಿಗಿಂತ ಕಡಮೆ ತೂಗುವ ಕೂಸಿನ ಕಣ್ಣನ್ನು ಹುಟ್ಟಿದ 30 ದಿನಗಳೊಳಗೆ ತಜ್ಞರಿಗೆ ತೋರಿಸಲೇಬೇಕು. 28 ವಾರಗಳಿಗೆ ಮುಂಚೆ ಹುಟ್ಟಿದುದನ್ನು ಎರಡು ಮೂರು ವಾರಗಳಲ್ಲಿಯೇ ತೋರಿಸಬೇಕು. ರೋಗ ಬಹಳ ಕೂಸುಗಳಲ್ಲಿ ತಾನೇ ಶಮನವಾಗುವುದು. ಉಲ್ಬಣಿಸಿದಲ್ಲಿ ಎರಡು ಮೂರು ದಿನಗಳೊಳಗೆ ಲೇಸರ್ ಕಿರಣದಿಂದಾಗಲಿ ಸೂಜಿಮದ್ದಿನಿಂದಾಗಲಿ ಚಿಕಿತ್ಸೆ ಮಾಡುವರು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಆರಂಭಿಸಿದ ಯೋಜನೆಯೊಂದರಲ್ಲಿ, ತರಬೇತಾದ ಸಿಬ್ಬಂದಿ ಹಳ್ಳಿಗಾಡಿನ ಆಸ್ಪತ್ರೆಗಳಿಗೇ ಹೋಗಿ ಕೂಸಿನ ಕಣ್ಣಿನ ಚಿತ್ರ ತೆಗೆದು ದೂರದ ತಜ್ಞರಿಗೆ ಕಳುಹಿಸುವ ಏರ್ಪಾಡಾಯಿತು.

ನಮ್ಮ ಮನೆಗಳಲ್ಲಿ ಹಸುಗೂಸನ್ನು ತಿಂಗಳುಗಟ್ಟಲೆ ಹೊರಗೆ ತರುವುದಿಲ್ಲ. ಗಾಳಿ ಸೋಕೀತು, ದೃಷ್ಟಿ ತಾಗೀತು ಎಂಬ ಭಯ. ಹಿರಿಯರ ಈ ಎಚ್ಚರವನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ದಿನ ತುಂಬದ ಕೂಸಿಗೆ ಆ ಮೊದಲ ತಿಂಗಳೇ ನಿರ್ಣಾಯಕವಾದುದು. ಅಜ್ಜಿಯರೇ, ಬೆಚ್ಚಗೆ ಹೊದೆಯಿಸಿ, ಕಾಡಿಗೆಯ ಬೊಟ್ಟನ್ನೂ ಕೆನ್ನೆಗೆ ಇಟ್ಟೇ ಕಳುಹಿಸಿರಿ. ಆದರೆ ವೈದ್ಯರು ಹೇಳಿದ ದಿನ ತಪ್ಪದೆ ಕಳುಹಿಸಿರಿ.