"ಎಲ್‌ಸಿಡಿ ಹಾಕಿಬಿಡಿ" ಅನ್ನೋ ಮಹಾನುಭಾವರಿಗೆ

ಹಳೇ ವಿಡಿಯೋ ಗೇಮ್ ಮಶೀನಿನ ಪರದೆ ಕೆಟ್ಟಿದೆ ಅಂತ ಯಾರಾದರೂ ಒಂದು ಫೋಟೋ ಹಾಕಿದರೆ ಸಾಕು, ಐದೇ ನಿಮಿಷದಲ್ಲಿ ಮೊದಲ ಉತ್ತರ ಬಂದುಬಿಡುತ್ತೆ. "ಟ್ಯೂಬ್ ತೆಗೆದು ಎಲ್‌ಸಿಡಿ ಹಾಕಿಬಿಡಿ". ಏನು ಕೆಟ್ಟಿದೆ ಅಂತ ಕೇಳುವ ಸೌಜನ್ಯವೂ ಇಲ್ಲ. ತಲೆನೋವು ಅಂದವನಿಗೆ ತಲೆಯನ್ನೇ ಬದಲಿಸು ಅಂದ ಹಾಗಾಯಿತು. ಹೀಗೆ ಹೇಳುವವರಲ್ಲಿ ಬಹಳಷ್ಟು ಜನ ನನ್ನ ಹಾಗೇ ಇಂಜಿನಿಯರಿಂಗ್ ಓದಿ ಸಾಫ್ಟ್‌ವೇರ್ ಕೆಲಸ ಮಾಡುವವರು ಅನ್ನೋದು ನನಗೆ ಇನ್ನೂ ಬೇಜಾರು. ಆಫೀಸಿನಲ್ಲಿ ಬಗ್ ಬಂದರೆ ನಾವು ಲಾಗ್ ನೋಡುತ್ತೇವೆ, ಯಾವ ಭಾಗ ಸರಿ ಇದೆ ಅಂತ ಒಂದೊಂದಾಗಿ ಪಕ್ಕಕ್ಕಿಡುತ್ತೇವೆ. ಸರ್ವರ್ ಎತ್ತಿ ಬಿಸಾಡಿ ಅನ್ನುವುದಿಲ್ಲ. (ಅನ್ನುವ ಮ್ಯಾನೇಜರುಗಳೂ ಇದ್ದಾರೆ, ಆ ಪುರಾಣ ಇನ್ನೊಮ್ಮೆ :-) )

ನಮ್ಮದು ಬೈಲಹೊಂಗಲ. ನಮ್ಮ ಪರಿಚಯದವರ ಹತ್ತಿರ ಒಂದು ಗೇಮ್ ಪೆಟ್ಟಿಗೆ ಇದೆ. ಒಂದು ಕಾಲಕ್ಕೆ ಜಾತ್ರೆಯಿಂದ ಜಾತ್ರೆಗೆ ತಿರುಗಿದ್ದು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಟ್ರ್ಯಾಕ್ಟರಿನಲ್ಲಿ ಹೋಗಿ ಬಂದ ಪೆಟ್ಟಿಗೆ ಅದು. ಒಳಗೆ ಟೀವಿಯ ಚಾಸಿಯನ್ನೇ ತಿದ್ದಿ ಗೇಮ್ ಬೋರ್ಡಿನಿಂದ ಕೆಂಪು, ಹಸಿರು, ನೀಲಿ ತಂತಿ ಕೊಟ್ಟಿದ್ದಾರೆ. ಹೋದ ವರ್ಷ ಅದು ಕೆಟ್ಟಿತು. ಶಬ್ದ ಬರುತ್ತೆ, ಬಟನ್ ಒತ್ತಿದರೆ ಗುದ್ದಿದ ಸದ್ದೂ ಬರುತ್ತೆ, ಆದರೆ ಪರದೆ ತುಂಬ ಕತ್ತಲೆ, ನಟ್ಟನಡುವೆ ಅಡ್ಡಕ್ಕೆ ಒಂದೇ ಒಂದು ಬೆಳ್ಳನೆ ಗೆರೆ. ಊರಿನ ಹೊರಗಿನ ಯಾರೋ ಬಂದು ನೋಡಿ, ಎಲ್‌ಸಿಡಿ ಹಾಕಬೇಕು, ಎಲ್ಲ ಸೇರಿ ಹನ್ನೆರಡು ಸಾವಿರ ಅಂದರಂತೆ.

ನಮ್ಮಲ್ಲಿ ಇನ್ನೂ ಅಂಗಡಿ ಇಟ್ಟುಕೊಂಡಿರುವ ಒಬ್ಬ ಟೀವಿ ರಿಪೇರಿ ಕಾಕಾ ಇದ್ದಾರೆ. ಬಂದರು, ಬಾಗಿಲಲ್ಲಿ ನಿಂತೇ ನೋಡಿದರು. "ವರ್ಟಿಕಲ್ ಹೋಗೈತಿ ತಮ್ಮಾ. ಮೊದಲ ಬ್ರೈಟ್ನೆಸ್ ಕಡಿಮಿ ಮಾಡು, ಇಲ್ಲಾಂದ್ರ ಟ್ಯೂಬಿನ್ಯಾಗ ಗೆರಿ ಸುಟ್ಟು ಕುಂದರತೈತಿ."

ಆ ಎರಡು ವಾಕ್ಯದಲ್ಲಿ ಎಷ್ಟು ತರ್ಕ ಇದೆ ನೋಡಿ. ಶಬ್ದ ಬರುತ್ತಿದೆ ಅಂದರೆ ಗೇಮ್ ಬೋರ್ಡು ಓಡುತ್ತಿದೆ, ಅದಕ್ಕೆ ಕರೆಂಟೂ ಸಿಗುತ್ತಿದೆ. ಗೆರೆ ಬೆಳಗುತ್ತಿದೆ ಅಂದರೆ ಟ್ಯೂಬಿನ ಹೈ ವೋಲ್ಟೇಜ್ ಸರಿ ಇದೆ. ಆ ವೋಲ್ಟೇಜ್ ಹುಟ್ಟುವುದೇ ಹಾರಿಜಾಂಟಲ್ ಭಾಗದಲ್ಲಿ, ಹಾಗಾಗಿ ಅದೂ ಸರಿ ಇದೆ. ಗೆರೆ ಎಡದಿಂದ ಬಲಕ್ಕೆ ಪೂರ್ತಿ ಹರಡಿರುವುದೂ ಅದಕ್ಕೇ. ಉಳಿದದ್ದು ಕಿರಣವನ್ನು ಮೇಲೆ ಕೆಳಗೆ ಓಡಿಸುವ ಭಾಗ ಮಾತ್ರ. ವರ್ಟಿಕಲ್ ಐಸಿ, ಅದಕ್ಕೆ ಬರುವ ಸಪ್ಲೈ, ಸುತ್ತಲಿನ ಎರಡು ಮೂರು ಕೆಪಾಸಿಟರು, ಯೋಕಿನ ಕನೆಕ್ಟರು. ಇಡೀ ಪೆಟ್ಟಿಗೆಯಿಂದ ಹತ್ತು ಬಿಡಿಭಾಗಕ್ಕೆ ಬಂದು ನಿಂತೆವು, ಅದೂ ಮೀಟರ್ ಮುಟ್ಟದೆ! ತೆಗೆದು ನೋಡಿದರೆ ಐಸಿಯ ಕಾಲಿನ ಬೆಸುಗೆ ಉಂಗುರದ ಹಾಗೆ ಬಿರುಕು ಬಿಟ್ಟಿತ್ತು. ಬಿಸಿಯಾಗುವ ಐಸಿ, ಮೇಲಿಂದ ಟ್ರ್ಯಾಕ್ಟರ್ ಕುಲುಕಾಟ, ಇನ್ನೇನಾಗಬೇಕು? ಬೆಸುಗೆ ಹೊಸದು, ಒಣಗಿದ ಕೆಪಾಸಿಟರು ಒಂದು ಹೊಸದು. ಸಾಮಾನಿನ ಖರ್ಚು ಐವತ್ತು ರೂಪಾಯಿ ಒಳಗೆ.

ನಾಲ್ಕು ವರ್ಷ ಎಲೆಕ್ಟ್ರಾನಿಕ್ಸ್ ಓದಿದ ನನಗೆ ನನ್ನ ಕಾಲೇಜಿನಲ್ಲಿ ಒಬ್ಬರೂ ಇದನ್ನು ಹೇಳಿಕೊಡಲಿಲ್ಲ. ಹೋಗಲಿ ಬಿಡಿ, ಅದು ಹಳೇ ಗೋಳು.

ಬಣ್ಣದ ತಕರಾರೂ ಹೀಗೇ. ಚಿತ್ರದಲ್ಲಿ ಕೆಂಪು ಪೂರ್ತಿ ಹೋಗಿದೆ ಅನ್ನಿ. ತಪ್ಪು ಬೋರ್ಡಿನದೋ ಪರದೆಯದೋ? ಮಶೀನ್ ಆಫ್ ಮಾಡಿ ಕೆಂಪು ತಂತಿಯನ್ನೂ ಹಸಿರು ತಂತಿಯನ್ನೂ ಅದಲು ಬದಲು ಮಾಡಿ. ಮತ್ತೆ ಹಚ್ಚಿದಾಗ ಹಸಿರು ಕಾಣೆಯಾಗಿ ಕೆಂಪು ಬಂದರೆ ತಪ್ಪು ಬೋರ್ಡಿನ ಕಡೆ. ಕೆಂಪೇ ಇಲ್ಲದಿದ್ದರೆ ಪರದೆಯ ಕಡೆ, ಟ್ಯೂಬಿನ ಕುತ್ತಿಗೆಯ ಬೋರ್ಡಿನಿಂದ ಹುಡುಕಾಟ ಶುರು. ಚಿತ್ರ ಮೇಲಕ್ಕೋ ಕೆಳಕ್ಕೋ ಉರುಳುತ್ತಿದ್ದರೆ ಅಥವಾ ಓರೆಯಾಗಿ ಹರಿದಿದ್ದರೆ ಸಿಂಕ್ ತಂತಿ ನೋಡಿ. ಪರದೆ ನೆಟ್ಟಗಿದ್ದು ಗೊಂಬೆಗಳು ಮಾತ್ರ ಚಿಂದಿಯಾಗಿದ್ದರೆ ಟ್ಯೂಬನ್ನು ಬೈಯಬೇಡಿ, ಬೋರ್ಡಿನ ಮೇಲೇ 5 ವೋಲ್ಟ್ ಅಳೆಯಿರಿ. 4.75ಕ್ಕಿಂತ ಕೆಳಗಿದ್ದರೆ ಹಳೇ ಚಿಪ್ಪುಗಳು ಸರಿ ಕೆಲಸ ಮಾಡುವ ಗ್ಯಾರಂಟಿ ಇಲ್ಲ. ಸಪ್ಲೈ ಹತ್ತಿರ 5 ಇದ್ದು ಬೋರ್ಡಿನ ಹತ್ತಿರ ಕಡಿಮೆ ಇದ್ದರೆ ಕನೆಕ್ಟರಿನಲ್ಲಿ ಕಿಲುಬು ಕೂತಿದೆ ಅಂತ ಅರ್ಥ. ಅದು ಸರಿ ಇದ್ದರೆ ಆಮೇಲೆ ವಿಡಿಯೋ ಮೆಮೊರಿ, ಗ್ರಾಫಿಕ್ಸ್ ರಾಮ್.

ಇನ್ನು ಎಲ್‌ಸಿಡಿ ಪಕ್ಷದವರ ವಾದ. "ಚಿತ್ರ ಚೆನ್ನಾಗಿ ಬರುತ್ತೆ". ಎಲ್ಲಿ ಬರುತ್ತೆ ಸ್ವಾಮಿ? ಈ ಬೋರ್ಡುಗಳು ಕೊಡುವ ಸಿಗ್ನಲ್ಲು ಸೆಕೆಂಡಿಗೆ ಸುಮಾರು 15,700 ಗೆರೆ. ಕಂಪ್ಯೂಟರ್ ಮಾನಿಟರು ಕೇಳುವುದು ಕನಿಷ್ಠ 31,500ರ ಸುಮಾರು. ನಡುವೆ ಒಂದು ಕನ್ವರ್ಟರ್ ಬೇಕು. ಅಗ್ಗದ ಕನ್ವರ್ಟರು ಅದನ್ನು ಟೀವಿ ಸಿಗ್ನಲ್ ಅಂದುಕೊಂಡು ಎರಡೆರಡು ಫ್ರೇಮ್ ಹೆಣೆಯುತ್ತದೆ. ಏಟು ಬಿದ್ದಾಗ ಮಿಣುಕಬೇಕಾದ ಗೊಂಬೆ ಬಾಚಣಿಗೆಯ ಹಾಗೆ ಸೀಳಿಹೋಗುತ್ತದೆ, ಕೆಲವೊಮ್ಮೆ ಕಾಣುವುದೇ ಇಲ್ಲ. ಈ ಹೆಣಿಗೆಗೆ ಮೂರು ಫ್ರೇಮ್ ತಡವಾದರೆ 50 ಮಿಲಿಸೆಕೆಂಡ್. ನೀವು ಜಿಗಿಯುವ ಹೊತ್ತಿಗೆ ಸತ್ತಿರುತ್ತೀರಿ.

ಬಂದೂಕಿನ ಆಟಕ್ಕಂತೂ ಕೇಳಲೇಬೇಡಿ. 1984ರ ಡಕ್ ಹಂಟ್ ಆಟವನ್ನು ನಾವೆಲ್ಲ ನಕಲಿ ಟೀವಿ ಗೇಮುಗಳಲ್ಲಿ ಆಡಿದವರೇ ಅಲ್ಲವಾ? ಟ್ರಿಗರ್ ಒತ್ತಿದ ಕೂಡಲೇ ಪರದೆ ಪೂರ್ತಿ ಕಪ್ಪಾಗಿ, ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಬರುತ್ತೆ. ಬಂದೂಕಿನ ಕಣ್ಣಿಗೆ ಆ ಬೆಳಕು ಆ ಕ್ಷಣಕ್ಕೇ ಕಂಡರೆ ಗುರಿ ತಾಗಿದ ಲೆಕ್ಕ. ಎಲ್‌ಸಿಡಿಯಲ್ಲಿ ಬೆಳಕು ತಡವಾಗಿ ಬರುತ್ತೆ, ಟ್ಯೂಬಿನ ಕಿರಣದ ಮಿನುಗೂ ಇರುವುದಿಲ್ಲ. ಹತ್ತಿರ ಹೋಗಿ ಗಾಜಿಗೆ ಬಂದೂಕು ಒತ್ತಿದರೂ ಕೋಳಿ ಸಾಯಲ್ಲ. ಎಲ್‌ಸಿಡಿ ಹಾಕಿ "ಗನ್ ಕೆಟ್ಟಿದೆ" ಅಂತ ಗನ್ನನ್ನೂ ಬಿಸಾಡಿದವರನ್ನು ನಾನು ಬಲ್ಲೆ.

ಅಪಾಯ ಅನ್ನೋ ವಾದವನ್ನು ಮಾತ್ರ ತಳ್ಳಿಹಾಕಲ್ಲ. ಕಲರ್ ಟ್ಯೂಬಿನ ಆ್ಯನೋಡಿನಲ್ಲಿ 20ರಿಂದ 25 ಸಾವಿರ ವೋಲ್ಟ್ ಇರುತ್ತೆ, ಆಫ್ ಮಾಡಿದ ಮೇಲೂ ಉಳಿದಿರಬಹುದು. ಟೀವಿ ಚಾಸಿಗೆ ನೇರ ಮೇನ್ಸ್ ಸಂಪರ್ಕ ಇರುವುದೂ ಉಂಟು, ಆಗ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಗೇಮ್ ಬೋರ್ಡಿಗೆ ಜೋಡಿಸುವಂತಿಲ್ಲ. ಬಲ್ಲವರ ಪಕ್ಕ ಕೂತೇ ಕಲಿಯಬೇಕು. ಕಾಕಾ ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡೇ ಕೆಲಸ ಮಾಡುತ್ತಾರೆ. ಟ್ಯೂಬಿನ ಕುತ್ತಿಗೆ ಮುರಿದಿದ್ದರೆ, ಗನ್ನುಗಳು ಸವೆದು ಚಿತ್ರ ಪೂರ್ತಿ ಮಂಕಾಗಿದ್ದರೆ, ಬೇರೆ ಟ್ಯೂಬೂ ಸಿಗದಿದ್ದರೆ ಎಲ್‌ಸಿಡಿ ಹಾಕಿ, ನನ್ನ ತಕರಾರಿಲ್ಲ. ನನ್ನ ಜಗಳ ನೋಡದೇ ತೀರ್ಪು ಕೊಡುವವರ ಜೊತೆ.

ತೆಗೆಸಿದ ಟ್ಯೂಬು ಎಲ್ಲಿಗೆ ಹೋಗುತ್ತೆ ಅಂತ ಯೋಚಿಸಿದ್ದೀರಾ? ನಮ್ಮ ಕಡೆ ಗುಜರಿಯವರು ಯೋಕಿನ ತಾಮ್ರಕ್ಕಾಗಿ ಕುತ್ತಿಗೆ ಒಡೆಯುತ್ತಾರೆ, ಸೀಸ ಸೇರಿದ ಗಾಜನ್ನು ಹಳ್ಳದ ದಂಡೆಗೆ ಎಸೆಯುತ್ತಾರೆ. 2022ರ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಗೆ ಬಂದು ಮುಖ್ಯ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಬಡಿಗೇರರ ಮನೆಯಲ್ಲಿ ಪೆಟ್ಟಿಗೆ ಮಾಡಿಸಿ, ಹಳೇ ಟೀವಿ ಕೂರಿಸಿದ ಮಶೀನಿಗೆ ತಯಾರಕ ಯಾರು? 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ಕೂಡ ಶುರು ಮಾಡಿತು, ಒಳ್ಳೆಯದೇ. ಅದರಿಂದ ಕಾಕಾನ ಅಂಗಡಿಗೆ ಒಂದು ಸರ್ಕ್ಯೂಟ್ ಡಯಾಗ್ರಾಮೂ ಬರಲ್ಲ.

ನಮ್ಮ ರಾಜ್ಯದ ಮಟ್ಟಿಗೆ ಈ ಮಶೀನುಗಳ ಬಗ್ಗೆ ದೊಡ್ಡ ಮಟ್ಟದ ಚರ್ಚೆ ಆಗಿದ್ದು ಕೋರ್ಟಿನಲ್ಲಿ. ಎಂ. ಜೆ. ಶಿವಾನಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಪ್ರಕರಣದಲ್ಲಿ, ವಿಡಿಯೋ ಗೇಮ್ ಅಂಗಡಿಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಬಹುದು ಅಂತ ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ಅಲ್ಲಿ ಬಂದ ಪ್ರಶ್ನೆ ಜೂಜಿನದು, ಮಶೀನನ್ನು ಹೇಗೆ ತಿದ್ದಿ ಆಡುವವನನ್ನು ಸೋಲಿಸಬಹುದು ಅನ್ನೋದು. ಅದನ್ನು ನೆಟ್ಟಗೆ ಓಡಿಸಿದವರು, ಕೆಟ್ಟಾಗ ಬಿಚ್ಚಿ ಕೂತವರು ಯಾವ ಕಾಗದದಲ್ಲೂ ಇಲ್ಲ. ನಾವು ಬರೆದೇವಾ? ಅದೂ ಇಲ್ಲ. "ಆಹಾ ಬಾಲ್ಯ, ಆಹಾ ವಿಡಿಯೋ ಗೇಮ್" ಅಂತ ಬರೆದವರು ಬೇಕಾದಷ್ಟು ಜನ ಇದ್ದೇವೆ. ಕಾಕಾನ ಅಂಗಡಿ ಈ ಯುಗಾದಿಗೆ ಮುಚ್ಚುತ್ತೆ. ಅವರ ಮಗ ಮೊಬೈಲ್ ಡಿಸ್‌ಪ್ಲೇ ಬದಲಿಸುತ್ತಾನೆ, ಅದೂ ಪೂರ್ತಿ ಬದಲಿಸುವ ಕೆಲಸವೇ. ಹಾಗಾಗಿ ಪ್ರತಿ ಭಾನುವಾರ ನಾನು ಅವರ ಪಕ್ಕ ಕೂತು ಬರೆದುಕೊಳ್ಳುತ್ತಿದ್ದೇನೆ, ಒಂದೊಂದು ತಕರಾರಿಗೆ ಒಂದೊಂದು ಪುಟ, ಕನ್ನಡದಲ್ಲಿ.

ನಿಮ್ಮ ಮನೆಯ ಅಟ್ಟದಲ್ಲೋ, ನಿಮ್ಮೂರ ಯಾವುದೋ ಕೋಣೆಯಲ್ಲೋ ಇಂಥ ಮಶೀನ್ ಇದ್ದರೆ ಫೋಟೋ ಹಾಕಿ. ಜೊತೆಗೆ ಇಷ್ಟು ಬರೆಯಿರಿ: ಶಬ್ದ ಬರುತ್ತಾ? ಕತ್ತಲಲ್ಲಿ ಟ್ಯೂಬಿನ ಕುತ್ತಿಗೆಯಲ್ಲಿ ಕೆಂಪು ಕಿಡಿ ಕಾಣುತ್ತಾ? ಗೆರೆ ಇದ್ದರೆ ಅಡ್ಡಕ್ಕೋ ಉದ್ದಕ್ಕೋ? ಭಾನುವಾರ ಕಾಕಾನಿಗೆ ತೋರಿಸಿ ಉತ್ತರ ಹಾಕುತ್ತೇನೆ. ಎಲ್‌ಸಿಡಿ ಅನ್ನೋ ಕಮೆಂಟುಗಳನ್ನು ಡಿಲೀಟ್ ಮಾಡ್ತೀನಿ, ಮೊದಲೇ ಹೇಳಿದ್ದೀನಿ :-)