ಶಿಕ್ಷಣ ಸಾಲಕ್ಕೆ ಯಾರ ಆದಾಯ ಕೇಳಬೇಕು?

ಸಿಇಟಿ ಸೀಟು ಹಂಚಿಕೆ ಶುರುವಾಯಿತೆಂದರೆ ಧಾರವಾಡದ ನಾಡಕಚೇರಿಯ ಮುಂದೆ ಪಾಲಕರ ಪಾಳಿ ಉದ್ದವಾಗುತ್ತದೆ. 'ಇನ್‌ಕಮ್ ತಗಸಬೇಕ್ರಿ' ಎಂಬುದು ಆ ಪಾಳಿಯ ಮಾತು. ಆಧಾರ್, ರೇಶನ್ ಕಾರ್ಡು, ಹೊಲವಿದ್ದವರಿಗೆ ಉತಾರ, ನೌಕರಿಯಿದ್ದವರಿಗೆ ಪಗಾರದ ಚೀಟಿ. ಹಳಬರು ಇಂದಿಗೂ ತಲಾಠಿ ಎಂದೇ ಕರೆಯುವ ಗ್ರಾಮ ಆಡಳಿತಾಧಿಕಾರಿಯ ವರದಿ, ಅದರ ಮೇಲೆ ಕಂದಾಯ ನಿರೀಕ್ಷಕರ ಶಿಫಾರಸು, ಅದರ ಮೇಲೆ ತಹಶೀಲ್ದಾರರ ಒಪ್ಪಿಗೆ. ಕೊನೆಗೆ ಆರ್‌ಡಿ ನಂಬರಿನ ಒಂದು ಹಾಳೆ, ಆದಾಯ ಪ್ರಮಾಣಪತ್ರ, ಕೈಗೆ ಬರುತ್ತದೆ. ಇಡೀ ಮನೆಯ ಒಂದು ವರ್ಷದ ದುಡಿಮೆ ಅದರಲ್ಲಿ ಒಂದು ಅಂಕಿಯಾಗಿ ಕೂತಿರುತ್ತದೆ. ಹಾಸ್ಟೆಲ್ ಸಿಗುವುದು, ವಿದ್ಯಾರ್ಥಿವೇತನ ಸಿಗುವುದು, ಸಾಲದ ಬಡ್ಡಿಯನ್ನು ಸರ್ಕಾರ ಕಟ್ಟುವುದು, ಎಲ್ಲವೂ ಆ ಅಂಕಿಯ ಮೇಲೆ.

ಸರ್ಕಾರ ಆದಾಯ ಕೇಳುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಸಾರ್ವಜನಿಕ ಹಣ ಕೊಡುವವರು ಯಾರಿಗೆ ಅದರ ಅಗತ್ಯ ಹೆಚ್ಚು ಎಂದು ಕೇಳಲೇಬೇಕು. ನನ್ನ ತಕರಾರು ಇರುವುದು ಆ ಪ್ರಶ್ನೆಯನ್ನು ಕೇಳುವ ರೀತಿಯ ಬಗ್ಗೆ, ಕೇಳುವ ಹೊತ್ತಿನ ಬಗ್ಗೆ, ಎಲ್ಲಕ್ಕಿಂತ ಹೆಚ್ಚಾಗಿ ಯಾರನ್ನು ಕೇಳುತ್ತೇವೆ ಎಂಬುದರ ಬಗ್ಗೆ.

ಮೊದಲು ಒಂದು ಗೊಂದಲ ಬಿಡಿಸಬೇಕು, ಏಕೆಂದರೆ ಇದರಿಂದಲೇ ಎಷ್ಟೋ ಮನೆಯವರು ಅರ್ಜಿ ಹಾಕುವ ಮೊದಲೇ ಹಿಂದೆ ಸರಿಯುತ್ತಾರೆ. ಬ್ಯಾಂಕಿನ ಸಾಮಾನ್ಯ ಶಿಕ್ಷಣ ಸಾಲಕ್ಕೆ ಆದಾಯದ ಮಿತಿ ಇಲ್ಲ. ಭಾರತೀಯ ಬ್ಯಾಂಕುಗಳ ಸಂಘ 2001ರಲ್ಲಿ ರೂಪಿಸಿದ ಮಾದರಿ ಯೋಜನೆಯಂತೆ ಸೀಟು ಸಿಕ್ಕ ಯಾವ ವಿದ್ಯಾರ್ಥಿಯೂ ಅರ್ಜಿ ಹಾಕಬಹುದು. ಮಿತಿ ಇರುವುದು ಬಡ್ಡಿಯ ಸಹಾಯಧನಕ್ಕೆ. 2009-10ರ ಶೈಕ್ಷಣಿಕ ವರ್ಷದಿಂದ ಕೇಂದ್ರ ಸರ್ಕಾರ ಒಂದು ಯೋಜನೆ ನಡೆಸುತ್ತಿದೆ. ಕುಟುಂಬದ ಒಟ್ಟು ವಾರ್ಷಿಕ ಆದಾಯ 4.5 ಲಕ್ಷ ರೂಪಾಯಿಯೊಳಗಿದ್ದರೆ, ತಾಂತ್ರಿಕ ಮತ್ತು ವೃತ್ತಿಪರ ಕೋರ್ಸುಗಳಿಗೆ, ಓದಿನ ಅವಧಿ ಮತ್ತು ಅದರ ಮೇಲೆ ಒಂದು ವರ್ಷದ ಪೂರ್ತಿ ಬಡ್ಡಿಯನ್ನು ಸರ್ಕಾರ ಕಟ್ಟುತ್ತದೆ. ಇದರ ನೋಡಲ್ ಬ್ಯಾಂಕು ನಮ್ಮ ಮಂಗಳೂರಿನಲ್ಲಿ 1906ರಲ್ಲಿ ಹುಟ್ಟಿದ ಕೆನರಾ ಬ್ಯಾಂಕು. ರಾಜ್ಯ ಸರ್ಕಾರದ ನಿಗಮಗಳು ಕೊಡುವ 'ಅರಿವು' ಸಾಲ ಇದರಿಂದ ಬೇರೆ. ಅದಕ್ಕೆ ಅದರದೇ ಆದಾಯದ ಮಿತಿಗಳಿವೆ.

ಈಗ ಲಕಮನಹಳ್ಳಿಗೆ ಬರೋಣ. ಪಿಬಿ ರೋಡಿನ ಈ ಊರು ಇವತ್ತು ಹುಬ್ಬಳ್ಳಿ-ಧಾರವಾಡದ ಕೈಗಾರಿಕಾ ಪ್ರದೇಶ. ಧಾರವಾಡ ಹಾಲು ಒಕ್ಕೂಟದ ಡೇರಿ ಇರುವುದು ಇಲ್ಲಿಯೇ. ಸುತ್ತಲೂ ವರ್ಕ್‌ಶಾಪು, ಗೋದಾಮು, ಸಣ್ಣ ಕಾರ್ಖಾನೆಗಳು. ಇಂಥದೊಂದು ಕಾರ್ಖಾನೆಯಲ್ಲಿ ಇಪ್ಪತ್ತೈದು ವರ್ಷ ದುಡಿದ ಫಿಟ್ಟರ್ ಒಬ್ಬನನ್ನು ಕಲ್ಪಿಸಿಕೊಳ್ಳಿ. ತಿಂಗಳಿಗೆ 38 ಸಾವಿರ ಪಗಾರ. ಪಿಎಫ್ ಮತ್ತಿತರ ಕಡಿತ ಹೋಗಿ ಕೈಗೆ ಬರುವುದು ಅದಕ್ಕಿಂತ ಕಡಿಮೆ, ಆದರೆ ಲೆಕ್ಕಕ್ಕೆ ಹಿಡಿಯುವುದು ಒಟ್ಟು ಪಗಾರವನ್ನೇ. ವರ್ಷಕ್ಕೆ 4,56,000. ಮಿತಿಗಿಂತ ಆರು ಸಾವಿರ ಹೆಚ್ಚು.

ಮಗಳು ಇಂಜಿನಿಯರಿಂಗ್‌ಗೆ ಸೇರಿದಳು, ವರ್ಷಕ್ಕೆ ಒಂದು ಲಕ್ಷದಂತೆ ನಾಲ್ಕು ಲಕ್ಷ ಸಾಲ, ಬಡ್ಡಿ ಶೇ. 10 ಎಂದುಕೊಳ್ಳೋಣ. ಮೊದಲ ಲಕ್ಷಕ್ಕೆ ಐದು ವರ್ಷದ ಬಡ್ಡಿ, ಎರಡನೆಯದಕ್ಕೆ ನಾಲ್ಕು, ಹೀಗೆ ಕೂಡಿಸಿದರೆ ಕಂತು ಶುರುವಾಗುವ ಹೊತ್ತಿಗೆ ಬಡ್ಡಿಯೇ 1.4 ಲಕ್ಷ. ಅದೇ ಓಣಿಯಲ್ಲಿ 4.5 ಲಕ್ಷದ ಪ್ರಮಾಣಪತ್ರ ಇರುವ ಮನೆಯ ಮಗಳಿಗೆ ಈ 1.4 ಲಕ್ಷವನ್ನು ಸರ್ಕಾರ ಕಟ್ಟುತ್ತದೆ. ಫಿಟ್ಟರನ ಮಗಳಿಗೆ ಒಂದು ರೂಪಾಯಿಯೂ ಇಲ್ಲ. ಹದಿನೈದು ವರ್ಷದಲ್ಲಿ ತೀರಿಸುವುದಾದರೆ ಒಬ್ಬಳ ಕಂತು ತಿಂಗಳಿಗೆ ಸುಮಾರು 4,300 ರೂಪಾಯಿ, ಇನ್ನೊಬ್ಬಳದು 5,800. ವರ್ಷಕ್ಕೆ ಆರು ಸಾವಿರ ಹೆಚ್ಚು ಗಳಿಸಿದ ತಪ್ಪಿಗೆ ತಿಂಗಳಿಗೆ ಒಂದೂವರೆ ಸಾವಿರ, ಹದಿನೈದು ವರ್ಷ. ಯಾವ ನ್ಯಾಯದ ಲೆಕ್ಕಕ್ಕೂ ಇದು ಕೂಡುವುದಿಲ್ಲ.

ಇನ್ನೊಂದು ಮಾತಿದೆ. ಪಗಾರದವನ ಆದಾಯ ಪೈಸೆಪೈಸೆಯೂ ಕಾಗದದ ಮೇಲಿರುತ್ತದೆ. ಅಂಗಡಿಯವನದು, ಗುತ್ತಿಗೆದಾರನದು, ಹೊಲ ಲಾವಣಿ ಕೊಟ್ಟವನದು ಅಂದಾಜಿನ ಮೇಲೆ ನಡೆಯುತ್ತದೆ. ತಲಾಠಿಯನ್ನು ದೂರಿ ಫಲವಿಲ್ಲ. ಮನೆಮನೆಯ ಗಲ್ಲೆ ಎಣಿಸುವ ಸಾಧನ ಅವರ ಹತ್ತಿರ ಇಲ್ಲ. ಮಳೆ ಕೈಕೊಟ್ಟ ವರ್ಷದ ಹೆಸರು ಬೆಳೆಗಾರನಿಗೂ ಚಲೋ ಫಸಲಿನ ವರ್ಷದ ಅದೇ ಬೆಳೆಗಾರನಿಗೂ ಒಂದೇ ಅಂಕಿ ಬರೆಯಬೇಕಾಗುತ್ತದೆ, ಏಕೆಂದರೆ ಪ್ರಮಾಣಪತ್ರ ಐದು ವರ್ಷ ಊರ್ಜಿತ. ಹೀಗಾಗಿ ಗೆರೆಯ ಆಚೆ ಬೀಳುವವರಲ್ಲಿ ಅನುಕೂಲಸ್ಥರಿಗಿಂತ ಅಡಗಿಸಲು ಏನೂ ಇಲ್ಲದವರೇ ಹೆಚ್ಚು ಎಂಬ ಅನುಮಾನ ನನ್ನದು.

ಆ ಗೆರೆಯೂ ಹಳೆಯದು. 2009ರಲ್ಲಿ ಎಳೆದ 4.5 ಲಕ್ಷದ ಗೆರೆ ಒಂದೂವರೆ ದಶಕ ಕಳೆದರೂ ಅಲ್ಲೇ ನಿಂತಿದೆ. ಈ ಅವಧಿಯಲ್ಲಿ ಬೆಲೆಗಳು ಎರಡು ಪಟ್ಟಿಗಿಂತ ಹೆಚ್ಚು ಏರಿವೆ. ಅಂದರೆ ಯಾವ ಸಚಿವರೂ ಯಾವ ಆದೇಶವನ್ನೂ ಹೊರಡಿಸದೆ ಪ್ರತಿ ವರ್ಷ ಒಂದಿಷ್ಟು ಕುಟುಂಬಗಳು ಯೋಜನೆಯಿಂದ ಹೊರಗೆ ಬೀಳುತ್ತ ಬಂದಿವೆ. ಇಂಗ್ಲೆಂಡಿನಲ್ಲಿಯೂ ವಿದ್ಯಾರ್ಥಿಗಳ ಜೀವನ ನಿರ್ವಹಣೆಯ ಪೂರ್ಣ ಸಾಲಕ್ಕೆ ಇಟ್ಟ 25 ಸಾವಿರ ಪೌಂಡಿನ ಕುಟುಂಬ ಆದಾಯದ ಗೆರೆ 2008ರಿಂದ ಕದಲಿಲ್ಲ, ಅಲ್ಲಿಯೂ ಇದೇ ದೂರು. ಆದರೆ ಅಲ್ಲಿ ಗೆರೆ ದಾಟಿದವರಿಗೆ ಎಲ್ಲವೂ ಒಮ್ಮೆಲೇ ನಿಲ್ಲುವುದಿಲ್ಲ; ಆದಾಯ ಏರಿದಂತೆ ಸಾಲದ ಮೊತ್ತ ಸ್ವಲ್ಪಸ್ವಲ್ಪವೇ ಇಳಿಯುತ್ತದೆ.

ನಮ್ಮಲ್ಲಿ 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಿದ್ಯಾಲಕ್ಷ್ಮಿ ಯೋಜನೆ ಈ ಕಂದಕವನ್ನು ಸ್ವಲ್ಪ ತುಂಬಿದೆ ಎನ್ನಬೇಕು. ಆದಾಯ 8 ಲಕ್ಷದವರೆಗೆ ಇದ್ದವರಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಶೇ. 3ರ ಬಡ್ಡಿ ರಿಯಾಯಿತಿ, ಆಸ್ತಿಯ ಅಡಮಾನ ಬೇಡ, ಜಾಮೀನುದಾರರೂ ಬೇಡ. ಆದರೆ ಇದು ರಾಷ್ಟ್ರೀಯ ಶ್ರೇಯಾಂಕದಲ್ಲಿ ಮೇಲಿರುವ 860 ಸಂಸ್ಥೆಗಳ ಪಟ್ಟಿಯಿಂದ ಶುರುವಾದ ಯೋಜನೆ, ರಿಯಾಯಿತಿಯೂ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ. ಧಾರವಾಡದ ಐಐಟಿಗೆ ಸೇರಿದವನು ಒಳಗೆ. ಅದೇ ಜಿಲ್ಲೆಯಲ್ಲಿ ಪಟ್ಟಿಗೆ ಸೇರದ ಕಾಲೇಜಿನಲ್ಲಿ ನರ್ಸಿಂಗ್ ಓದುವವಳು ಹೊರಗೆ. ಬಡ ಮನೆಯ ಹೆಚ್ಚಿನ ಮಕ್ಕಳು ಓದುವುದು ಇಂಥ ಎರಡನೆಯ ಬಗೆಯ ಕಾಲೇಜುಗಳಲ್ಲಿ.

ತಹಶೀಲ್ದಾರ ಕಚೇರಿಯಿಂದ ಬ್ಯಾಂಕಿಗೆ ಹೋದರೆ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಅಲ್ಲಿ ನಾನು ಬಡವ ಎಂದು ತೋರಿಸಬೇಕಿತ್ತು. ಇಲ್ಲಿ ನಾನು ತೀರಿಸಬಲ್ಲೆ ಎಂದು ತೋರಿಸಬೇಕು. ನಾಲ್ಕು ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ ಎಂಬ ನಿಯಮ ಹಳೆಯದು. 2015ರಲ್ಲಿ ಬಂದ ಸಾಲ ಖಾತರಿ ನಿಧಿಯಡಿ ಏಳೂವರೆ ಲಕ್ಷದವರೆಗೂ ಅಡಮಾನ ಬೇಡ. ಆದರೂ ತಂದೆ ಸಹ-ಸಾಲಗಾರ. ಅವನ ಹಳೆಯ ಸಾಲಗಳ ದಾಖಲೆಯಾದ ಸಿಬಿಲ್ ತೆಗೆದು ನೋಡುತ್ತಾರೆ. ಎಂದೋ ಬೈಕಿನ ಸಾಲದ ಕಂತು ತಪ್ಪಿದ್ದರೆ ಅದು ಮಗಳ ಓದಿನ ಅರ್ಜಿಯ ಮೇಲೆ ಬಂದು ಕೂರುತ್ತದೆ. ಸಿಬಿಲ್ ಅಂಕ ಕಡಿಮೆ ಎಂಬ ಒಂದೇ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದು ಎಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಬೇಕಾಗಿ ಬಂದದ್ದು ಇದಕ್ಕೇ. ಶಾಖೆಯ ಮ್ಯಾನೇಜರರನ್ನು ಕೆಟ್ಟವರೆನ್ನುವುದು ಸುಲಭ. ಆದರೆ ವಸೂಲಾಗದ ಸಾಲಕ್ಕೆ ಮೇಲಿನವರಿಗೆ ಉತ್ತರ ಕೊಡುವವರು ಅವರೇ. ತಪ್ಪು ಇರುವುದು ಒಂದೇ ಕುಟುಂಬದಿಂದ ಎರಡು ವಿರುದ್ಧ ಪುರಾವೆಗಳನ್ನು ಒಂದೇ ತಿಂಗಳಲ್ಲಿ ಕೇಳುವ ವ್ಯವಸ್ಥೆಯಲ್ಲಿ. ಎರಡೂ ಕಡೆ ಉತ್ತೀರ್ಣವಾಗುವುದು ಯಾರಿಗೆ ಸಾಧ್ಯ? ಕಾಗದದಲ್ಲಿ ಬಡತನ, ಕೈಯಲ್ಲಿ ಬಲ ಇರುವವರಿಗೆ.

ಧಾರವಾಡ ಬಡ ಹುಡುಗರ ಓದನ್ನು ಹೊತ್ತ ಊರು. ಮುರುಘಾಮಠದ ಪ್ರಸಾದ ನಿಲಯದಲ್ಲಿ ಉಂಡು, ವಾರಾನ್ನ ಮಾಡಿ, ಕರ್ನಾಟಕ ಕಾಲೇಜಿನಲ್ಲಿ ಕಲಿತು ಮೇಲೆ ಬಂದವರ ಕತೆಗಳು ಇಲ್ಲಿ ಮನೆಮನೆಯಲ್ಲಿವೆ. ಅಲ್ಲಿ ಆದಾಯದ ದಾಖಲೆ ಬೇಕಾಗುತ್ತಿರಲಿಲ್ಲ. ಒಬ್ಬ ಮಾಸ್ತರರ ಚೀಟಿ ಸಾಕಿತ್ತು. ಆ ಕಾಲ ಮರಳಲಿ ಎಂದು ನಾನು ಬಯಸುವುದಿಲ್ಲ. ಪರಿಚಯದ ಮೇಲೆ ನಡೆಯುವ ದಾನಕ್ಕೆ ಜಾತಿಯ, ಊರಿನ, ಸಂಬಂಧದ ಎಲ್ಲೆಗಳಿರುತ್ತವೆ, ಚೀಟಿ ಬರೆದು ಕೊಡುವ ಮಾಸ್ತರರು ಸಿಗದವರ ಕತೆಗಳನ್ನು ಯಾರೂ ಹೇಳಿಲ್ಲ. ಹಾಳೆಯ ಮೇಲಿನ ಹಕ್ಕು ಚೀಟಿಯ ಮೇಲಿನ ಕೃಪೆಗಿಂತ ದೊಡ್ಡದು. ಅದಕ್ಕೇ ಆ ಹಾಳೆ ಸರಿಯಾಗಿರಬೇಕು ಎಂಬ ಹಟ.

ಸರ್ಕಾರವೂ ಬೇರೆ ರೀತಿ ಯೋಚಿಸಿದ್ದ ಕಾಲವಿತ್ತು. 1963ರಲ್ಲಿ ಶುರುವಾದ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಯೋಜನೆಯಲ್ಲಿ ಸಾಲಕ್ಕೆ ಬಡ್ಡಿ ಇರಲಿಲ್ಲ. ಓದು ಮುಗಿಸಿ ಶಿಕ್ಷಕ ವೃತ್ತಿಗೆ ಸೇರಿದವರಿಗೆ ಸೇವೆಯ ಒಂದೊಂದು ವರ್ಷಕ್ಕೆ ಸಾಲದ ಹತ್ತನೆಯ ಒಂದು ಭಾಗ ಮನ್ನಾ ಆಗುತ್ತಿತ್ತು. ವಸೂಲಿ ಸರಿಯಾಗದೆ ಆ ಯೋಜನೆ ಸೊರಗಿತು, ನಿಂತಿತು. ಅದರ ಸೋಲನ್ನು ಎಲ್ಲರೂ ನೆನಪಿಡುತ್ತಾರೆ. ಅದರೊಳಗಿದ್ದ ವಿಚಾರವನ್ನು ಮರೆತಿದ್ದೇವೆ: ಸಾಲಗಾರ ಮುಂದೆ ಏನಾದ ಎಂಬುದನ್ನು ನೋಡಿ ಸಾಲದ ಭಾರ ನಿರ್ಧರಿಸುವ ವಿಚಾರ.

ನನ್ನ ವಾದ ಇಲ್ಲಿಗೆ ಬಂದು ನಿಲ್ಲುತ್ತದೆ. ಶಿಕ್ಷಣ ಸಾಲವನ್ನು ತೀರಿಸುವವಳು ಮಗಳು. ಹಾಗಿದ್ದಮೇಲೆ ಆದಾಯದ ಮುಖ್ಯ ಪ್ರಶ್ನೆಯನ್ನು ಅವಳಿಗೆ, ಅವಳು ದುಡಿಯುವಾಗ ಕೇಳಬೇಕು. ಆಸ್ಟ್ರೇಲಿಯಾ 1989ರಿಂದ ಹೀಗೇ ಮಾಡುತ್ತಿದೆ. ಅಲ್ಲಿ ಸಾಲ ತೀರಿಸುವುದು ತೆರಿಗೆ ಇಲಾಖೆಯ ಮೂಲಕ. ಆದಾಯ ನಿಗದಿತ ಮಟ್ಟ ಮುಟ್ಟುವವರೆಗೆ ಕಂತು ಇಲ್ಲ. ಕೆಲಸ ಹೋದ ವರ್ಷ, ಹೆರಿಗೆಯ ವರ್ಷ, ಕಡಿಮೆ ಪಗಾರದ ವರ್ಷ ಕಂತು ತಾನಾಗಿಯೇ ನಿಲ್ಲುತ್ತದೆ. ನಮ್ಮ ಬಡ್ಡಿ ಸಹಾಯಧನದ ನಿಯಮ ಇದಕ್ಕೆ ತಿರುಗಾಮುರುಗಾ. ವೈದ್ಯಕೀಯ ಕಾರಣ ಬಿಟ್ಟು ಬೇರೆ ಕಾರಣಕ್ಕೆ ಕೋರ್ಸ್ ಅರ್ಧಕ್ಕೆ ಬಿಟ್ಟರೆ ಸಹಾಯಧನವೇ ಇಲ್ಲ. ಪದವಿಯೂ ಸಿಗದೆ ಸಾಲವೂ ಉಳಿದವರು ಎಲ್ಲರಿಗಿಂತ ಕಷ್ಟದಲ್ಲಿರುವವರು, ಅವರ ಮೇಲೆಯೇ ಪೂರ್ತಿ ಬಡ್ಡಿ.

ಇಲ್ಲಿ ಬಹುಪಾಲು ಜನ ಅಸಂಘಟಿತ ವಲಯದಲ್ಲಿ ದುಡಿಯುತ್ತಾರೆ, ತೆರಿಗೆ ವಿವರ ಸಲ್ಲಿಸುವುದೇ ಇಲ್ಲ, ವಸೂಲಿ ಹೇಗೆ ಎಂದು ಕೇಳುವವರಿದ್ದಾರೆ. ಗಟ್ಟಿ ಪ್ರಶ್ನೆ. ಆದರೆ ಸಾಲ ಪಡೆದು ವೃತ್ತಿಪರ ಕೋರ್ಸ್ ಓದಿದವರಲ್ಲಿ ಚಲೋ ನೌಕರಿ ಹಿಡಿದವರಿಗೆ ಪ್ಯಾನ್, ಪಿಎಫ್ ಇದ್ದೇ ಇರುತ್ತವೆ, ಕಂತು ಅಲ್ಲಿಂದ ಕಡಿತವಾಗಬಹುದು. ಆ ಮಟ್ಟ ಮುಟ್ಟದವರಿಂದ ವಸೂಲು ಮಾಡುವುದು ಬ್ಯಾಂಕಿಗೆ ಈಗಲೂ ಕಷ್ಟ. ಅವರ ಸಾಲ ಮುಳುಗಿದಾಗ ಖಾತರಿ ನಿಧಿಯೇ ಬಾಕಿಯ ಶೇ. 75ರಷ್ಟನ್ನು ತುಂಬಿಕೊಡುತ್ತದೆ. ಅಂದರೆ ನಷ್ಟದ ಹೆಚ್ಚಿನ ಪಾಲನ್ನು ಇಂದಿಗೂ ಸರ್ಕಾರವೇ ಹೊರುತ್ತಿದೆ, ಆದರೆ ತಂದೆ-ಮಗಳಿಬ್ಬರ ಹೆಸರೂ ಕೆಟ್ಟ ಸಾಲಗಾರರ ಪಟ್ಟಿಗೆ ಸೇರಿದ ಮೇಲೆ.

ಹಾಗೆಂದು ಪಾಲಕರ ಆದಾಯವನ್ನು ಕೇಳಲೇಬಾರದು ಎಂದಲ್ಲ. ಕೇಳಲಿ, ಗೆರೆಯ ಬದಲು ಇಳಿಜಾರು ಇರಲಿ. 4.5 ಲಕ್ಷದವರೆಗೆ ಪೂರ್ತಿ ಬಡ್ಡಿ. ಅಲ್ಲಿಂದ 8 ಲಕ್ಷದವರೆಗೆ ಪ್ರತಿ 50 ಸಾವಿರಕ್ಕೆ ಏಳನೆಯ ಒಂದು ಭಾಗ ಕಡಿಮೆ. ಆಗ ನಮ್ಮ ಫಿಟ್ಟರ್ ಕಳೆದುಕೊಳ್ಳುವುದು 1.4 ಲಕ್ಷದ ಬದಲು 20 ಸಾವಿರ. ಗೆರೆಯ ಕೆಳಗಿರಲು ಅಂಕಿ ತಿದ್ದಿಸುವ ಆಮಿಷವೂ ಅಷ್ಟರಮಟ್ಟಿಗೆ ಇಳಿಯುತ್ತದೆ. ಕಾಲೇಜು ಪಟ್ಟಿಯಲ್ಲಿ ಇರಲಿ ಬಿಡಲಿ, ಇದು ಎಲ್ಲರಿಗೂ ಇರಬೇಕು. ಆರಂಭದ 4.5 ಲಕ್ಷವೂ ಬೆಲೆ ಸೂಚ್ಯಂಕದ ಜೊತೆ ಪ್ರತಿ ವರ್ಷ ಏರಬೇಕು. ನೌಕರರ ತುಟ್ಟಿಭತ್ಯೆ ಏರುವುದೂ ಹೀಗೆಯೇ, ಹೊಸ ಯಂತ್ರವೇನೂ ಬೇಕಿಲ್ಲ.

ಇದಕ್ಕೆಲ್ಲ ದಿಲ್ಲಿಯ ತೀರ್ಮಾನ ಬೇಕು, ತಡವಾಗಬಹುದು. ಒಂದನ್ನು ಮಾತ್ರ ಬ್ಯಾಂಕುಗಳು ನಾಳೆಯೇ ಮಾಡಬಹುದು. ಮಗಳು ಕಾಲೇಜು ಸೇರುವಾಗ ತಂದೆಗೆ ಐವತ್ತೆರಡು ಎಂದಿಟ್ಟುಕೊಳ್ಳಿ. ಕಂತು ಶುರುವಾಗುವಾಗ ಐವತ್ತೇಳು. ಹದಿನೈದು ವರ್ಷದ ಸಾಲ ಮುಗಿಯುವ ಹೊತ್ತಿಗೆ ಎಪ್ಪತ್ತೆರಡು. ಪಗಾರ ನಿಂತು ಹತ್ತು ವರ್ಷ ಮೀರಿದ ಮನುಷ್ಯನೂ ಕಾಗದದ ಮೇಲೆ ಸಾಲಗಾರನಾಗಿಯೇ ಉಳಿಯುತ್ತಾನೆ. ಮಗಳು ಸ್ವಂತ ದುಡಿಮೆಯಿಂದ ಎರಡು ವರ್ಷ ಸರಿಯಾಗಿ ಕಂತು ಕಟ್ಟಿದರೆ ತಂದೆಯ ಹೆಸರನ್ನು ಸಹ-ಸಾಲದಿಂದ ಕೈಬಿಡುವ ಷರತ್ತನ್ನು ಕರಾರಿನಲ್ಲಿ ಸೇರಿಸಬಹುದು. ಎರಡು ವರ್ಷದ ಆ ಪಾವತಿ ಸಾಲ ತೀರುವುದರ ಬಗ್ಗೆ ತಂದೆಯ ಹಳೆಯ ಸಿಬಿಲ್‌ಗಿಂತ ಹೆಚ್ಚು ಹೇಳುತ್ತದೆ, ಮತ್ತು ಮನೆಯಲ್ಲಿ ಎರಡನೆಯ ಮಗುವಿದ್ದರೆ ಅದರ ಓದಿಗೆ ಸಹಿ ಹಾಕಲು ಆ ತಂದೆ ಮತ್ತೆ ಅರ್ಹನಾಗುತ್ತಾನೆ.