ಹೂವಿದೆ, ಕಾಯಿ ಯಾಕಿಲ್ಲ?

ಕುಂಬಳದ ಮಿಡಿಗಳು ಹಳದಿಯಾಗಿ ಉದುರುತ್ತಿವೆಯೇ? ಗೊಬ್ಬರದ ಅಂಗಡಿಗೆ ಓಡುವ ಮೊದಲು ಬೆಳಗ್ಗೆ ಬಳ್ಳಿಯ ಬಳಿ ಹತ್ತು ನಿಮಿಷ ನಿಲ್ಲಿ. ಜೇನು ಬರುತ್ತಿದೆಯೇ ನೋಡಿ. ಕುಂಬಳದಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಮುಂಜಾನೆ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತವೆ. ಅಷ್ಟರಲ್ಲಿ ಪರಾಗ ಮುಟ್ಟಿಸುವವರು ಬಾರದಿದ್ದರೆ ಮಿಡಿ ನಿಲ್ಲದು.

ಬದನೆಯದ್ದು ಇನ್ನೊಂದು ಕತೆ. (ಕಾಪು–ಕಟಪಾಡಿ ಕಡೆಯ ನಮ್ಮ ಮಟ್ಟುಗುಳ್ಳವೂ ಬದನೆಯೇ ತಾನೇ!) ಅದರ ಪರಾಗ ಕೇಸರದ ತುದಿಯ ಸಣ್ಣ ತೂತಿನಿಂದ ಉದುರಬೇಕು. ಕಪ್ಪು ದುಂಬಿ, ನೀಲಿ ಪಟ್ಟೆಯ ಕಾಡುಜೇನು ಹೂವನ್ನು ಹಿಡಿದು ಝೇಂಕರಿಸಿ ಉದುರಿಸುತ್ತವೆ. ಪೆಟ್ಟಿಗೆಯ ಜೇನಿಗೆ ಈ ವಿದ್ಯೆ ಬರದು.

ನೀಲಿ ಪಟ್ಟೆಯದ್ದು ಗೂಡು ಮಾಡುವುದು ಮಣ್ಣಿನಲ್ಲಿ. ಉಡುಪಿ, ಮಣಿಪಾಲದ ಹೊಸ ಮನೆಗಳಲ್ಲೋ ಗೇಟಿನಿಂದ ಬಾಗಿಲವರೆಗೆ ಇಂಟರ್‌ಲಾಕ್. ಕೆಸರಿಲ್ಲ, ಗುಡಿಸಲು ಸುಲಭ, ಒಪ್ಪಿದೆ. ಆದರೂ ಕಾಂಪೌಂಡ್ ಬದಿಯಲ್ಲಿ, ಮಳೆನೀರು ನಿಲ್ಲದ ಕಡೆ, ಚಾಪೆಯಷ್ಟಗಲ ಬರಿ ಮಣ್ಣು ಉಳಿಸಿ. ತುಳಸಿಯ ಕದಿರನ್ನೆಲ್ಲ ಚಿವುಟಬೇಡಿ, ಒಂದೆರಡು ಗಿಡ ಹೂ ಬಿಡಲಿ. ಕರಿಬೇವಿನ ಎಲೆ ತಿನ್ನುವ ಹಸಿರು ಹುಳು ಹೆಚ್ಚಾಗಿ ಚಿಟ್ಟೆಯ ಮರಿ; ಸಾರಿಗೆ ನಾಲ್ಕು ಎಲೆ ಕಮ್ಮಿಯಾದರೆ ಏನಾಯ್ತು? ಬೇವಿನೆಣ್ಣೆಯಾದರೂ ಸರಿ, ಸಿಂಪಡಿಸುವುದು ಸಂಜೆಯೇ.

ಫ್ಲ್ಯಾಟಿನ ನಾಲ್ಕನೇ ಮಹಡಿಗೆ ದುಂಬಿ ಬರದಿದ್ದರೆ? ಬೆಳಗ್ಗೆ ಬದನೆ ಹೂವಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಕುಂಬಳದ ಗಂಡು ಹೂವನ್ನು ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ನಡುವೆ ಮುಟ್ಟಿಸಿ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಮಿಡಿ ಇರುತ್ತದೆ, ಗುರುತು ಹಿಡಿಯುವುದು ಕಷ್ಟವೇನಿಲ್ಲ.